ವಿಕ್ಟೋರಿಯಾಳನ್ನು ಅಳಿಸಿದ್ದು

"ಇವತ್ತು ನನ್ನ ಸರದಿ ಅಪ್ಪ. ಶಾರ್ಲಟ್ ಸಾಯೋದು ಬೇಡ," ಎಂದು ಮಗಳು ಸೀಮೆಸುಣ್ಣವನ್ನು ತಂದೆಯ ಕೈಗಿಟ್ಟಳು. ದಿನ ತುಂಬಿದ ಬಸುರಿ. ಬೆಳಗಾದರೆ ಆಸ್ಪತ್ರೆಗೆ ಸೇರಬೇಕಾದವಳು. ಸೊಂಟಕ್ಕೊಂದು ಕೈ ಕೊಟ್ಟು ಬೋರ್ಡಿನ ಮುಂದೆ ನಿಂತಿದ್ದಳು.

ಬೀದಿಯವರೆಲ್ಲ ಬೋರ್ಡಣ್ಣ ಎಂದೇ ಕರೆಯುವ ಆ ತಂದೆ ಅಂಗಡಿಗಳಿಗೆ ಹೆಸರು ಬರೆದು ಬದುಕಿದವನು. ಕೆಲಸವಿಲ್ಲದ ಮಧ್ಯಾಹ್ನಗಳಲ್ಲಿ, ಯಾರೋ ಒಲ್ಲೆನೆಂದು ಬಿಟ್ಟುಹೋದ ದೊಡ್ಡ ಕರಿ ಬೋರ್ಡಿನ ಮೇಲೆ ಯುರೋಪಿನ ರಾಜಮನೆತನಗಳ ವಂಶವೃಕ್ಷ ಬರೆಯುವುದು ಅವನ ಹುಚ್ಚು. ಮಗಳಿಗೂ ಅದೇ ಹಿಡಿದಿತ್ತು. ಆಟ ಇಷ್ಟೇ: ಒಬ್ಬರು ಒಂದು ಮದುವೆಯನ್ನೋ ಸಾವನ್ನೋ, ಒಂದೇ ಒಂದು ಗಂಟನ್ನು ಬದಲಾಯಿಸಬೇಕು, ಇನ್ನೊಬ್ಬರು ಅದರಿಂದ ಏನೇನಾಗುತ್ತಿತ್ತೋ ಅಷ್ಟನ್ನೂ ಮೋಸವಿಲ್ಲದೆ ಬರೆಯಬೇಕು. ಮದುವೆಯೇ ಬೇಡವೆಂದ ಎಲಿಜಬೆತ್ ರಾಣಿಗೆ ಸ್ವೀಡನ್ನಿನ ಸಂಬಂಧ ಕುದುರಿಸಿದ್ದರು. ಸುಳ್ಳು ಗಡ್ಡ ಅಂಟಿಸಿಕೊಂಡು ಸ್ಪೇನಿಗೆ ಹೆಣ್ಣು ನೋಡಲು ಹೋಗಿ ಬರಿಗೈಯಲ್ಲಿ ಹಿಂದಿರುಗಿದ ಇಂಗ್ಲೆಂಡಿನ ಯುವರಾಜನಿಗೆ ಅದೇ ಹುಡುಗಿಯನ್ನು ಕಟ್ಟಿ, ಎರಡು ಕಡೆಯ ಬೀಗರನ್ನೂ ಒಂದೇ ಸಾಲಿನಲ್ಲಿ ಕೂರಿಸಿದ್ದರು. ಅಷ್ಟು ಮದುವೆ ಮಾಡಿಸುವ ಹೊತ್ತಿಗೆ ಕಿಟಕಿಯ ಚಿಲಕ ಒಂದನ್ನು ಸರಿಮಾಡಬಹುದಿತ್ತು ಎಂದು ಹೆಂಡತಿ ಚುಚ್ಚಿದರೆ, ಮೇಲಿರುವವನು ಎಷ್ಟು ಸಣ್ಣ ದಾರದಲ್ಲಿ ಎಷ್ಟು ದೊಡ್ಡ ಲೋಕವನ್ನು ತೂಗುಹಾಕಿದ್ದಾನೆ ನೋಡು, ಅದನ್ನು ಕಂಡು ಕೈಮುಗಿಯೋದಕ್ಕೇ ಈ ಆಟ ಎನ್ನುತ್ತಿದ್ದ ಬೋರ್ಡಣ್ಣ.

ಶಾರ್ಲಟ್ ಇಂಗ್ಲೆಂಡಿನ ಪಟ್ಟಕ್ಕೆ ಬರಬೇಕಾಗಿದ್ದ ರಾಜಕುಮಾರಿ. ಇನ್ನೂರು ವರ್ಷದ ಹಿಂದೆ ಹೆರಿಗೆಯಲ್ಲಿ ಮಗುವೂ ಉಳಿಯಲಿಲ್ಲ, ಅವಳೂ ಉಳಿಯಲಿಲ್ಲ. ಪಟ್ಟಕ್ಕೆ ಮುಂದೆ ಗತಿಯಾರು ಎಂದಾದಾಗ, ಅಲ್ಲಿಯವರೆಗೆ ಮದುವೆಯ ಗೋಜಿಗೇ ಹೋಗದೆ ತಿರುಗಾಡಿಕೊಂಡಿದ್ದ ಅವಳ ಚಿಕ್ಕಪ್ಪಂದಿರು ಎದ್ದೆನೋ ಬಿದ್ದೆನೋ ಎಂದು ಹೆಣ್ಣು ಹುಡುಕಿದರು. ಅಂಥದೊಂದು ಅವಸರದ ಮದುವೆಯಲ್ಲಿ ಹುಟ್ಟಿದವಳೇ ವಿಕ್ಟೋರಿಯಾ. ಅವಳ ಮಕ್ಕಳು ಮೊಮ್ಮಕ್ಕಳು ಜರ್ಮನಿ, ರಷ್ಯಾ, ಸ್ಪೇನ್, ನಾರ್ವೆ ಎಂದು ಅರಮನೆ ಅರಮನೆಗೂ ಹಬ್ಬಿ ಬೋರ್ಡಿನ ಮುಕ್ಕಾಲು ಪಾಲನ್ನು ತುಂಬಿಕೊಂಡಿದ್ದರು.

ಬೋರ್ಡಣ್ಣನ ಕೈ ಮೇಲೇಳಲಿಲ್ಲ. ಈ ಮಗಳನ್ನು ಹೆತ್ತು ಕಣ್ಣು ಬಿಡದೆ ಹೋದವಳು ಅವನ ಮೊದಲ ಹೆಂಡತಿ. ವರ್ಷ ತುಂಬುವ ಮೊದಲೇ, ಹಸುಗೂಸನ್ನು ನೋಡಿಕೊಳ್ಳಲು ಯಾರಾದರೂ ಬೇಕಲ್ಲ ಎಂದು ನಾಲ್ಕು ಜನ ಸೇರಿ ಅವಸರದಲ್ಲಿ ಮಾಡಿಸಿದ ಮದುವೆಯ ಹೆಂಡತಿ ಇಗೋ ಇದೇ ಕೋಣೆಯ ಮೂಲೆಯಲ್ಲಿ ಕುಳಿತು ಅವನ ಬ್ರಷ್ಷುಗಳನ್ನು ಒರೆಸುತ್ತಿದ್ದಾಳೆ. ಅವಳ ಹೊಟ್ಟೆಯಲ್ಲಿ ಹುಟ್ಟಿದ ಮಗ, ಅಕ್ಕನನ್ನು ಬೆಳಗ್ಗೆ ಆಸ್ಪತ್ರೆಗೆ ಕರೆದೊಯ್ಯಲು ಕಾರು ಗೊತ್ತುಮಾಡಲು ಹೋಗಿದ್ದಾನೆ. ಮಗಳು ಅದ್ಯಾವುದನ್ನೂ ಯೋಚಿಸಿರಲಿಲ್ಲ. ಅವಳಿಗೆ ನಾಳೆಯದೇ ದಿಗಿಲು. ತಾಯಿಗೆ ಆದದ್ದು ತನಗೂ ಆದೀತೆಂಬ ದಿಗಿಲು.

ಬೇರೆ ಗಂಟು ಹಿಡಿಯೋಣ ಎಂದು ಅವನು ಮಾತು ಮರೆಸಲು ನೋಡಿದ. ಫ್ರಾನ್ಸಿನ ಕಡೆ ಎಷ್ಟೋ ಒಳ್ಳೆಯ ಗಂಡುಗಳಿವೆ ಎಂದ. ಮಗಳು ಜಗ್ಗಲಿಲ್ಲ.

"ಅವಳು ಬದುಕಿದ್ರೆ ವಿಕ್ಟೋರಿಯಾ ಹುಟ್ಟೋದೇ ಇಲ್ಲ ಮಗಳೇ. ಇಬ್ಬರನ್ನೂ ಇಟ್ಕೊಳ್ಳೋಣ. ಇದೊಂದು ಸಲ."

"ಒಬ್ಬರನ್ನೂ ಅಳಿಸದೆ ಯಾರನ್ನೂ ಬದುಕಿಸೋಕೆ ಬರಲ್ಲ ಅಂತ ನೀನೇ ತಾನೇ ಕಲಿಸಿದ್ದು?"

ಮೂಲೆಯಲ್ಲಿ ಬ್ರಷ್ಷಿನ ಸದ್ದು ನಿಂತಿತು. ಆಗಲೇ ಮಗಳಿಗೆ ತಾನೇನು ಕೇಳುತ್ತಿದ್ದೇನೆಂದು ಹೊಳೆದದ್ದು. ಅಮ್ಮ ಉಳಿದಿದ್ದರೆ ಈ ಚಿಕ್ಕಮ್ಮನೂ ಇಲ್ಲ, ತಮ್ಮನೂ ಇಲ್ಲ.

ಹೆಂಡತಿ ಎದ್ದಳು. ಬಕೆಟ್ಟಿನಲ್ಲಿ ಬಟ್ಟೆಯನ್ನು ಅದ್ದಿ ಹಿಂಡಿ ಬೋರ್ಡಿನ ಮುಂದೆ ಬಂದಳು. ಮನೆಗೆಲಸ ಮಾಡುವವರ ನಿರುಮ್ಮಳದಲ್ಲಿ, ಮೊದಲು ವಿಕ್ಟೋರಿಯಾಳನ್ನು ಒರೆಸಿದಳು, ಆಮೇಲೆ ಅವಳ ಕೆಳಗಿನ ಒಬ್ಬೊಬ್ಬರನ್ನೂ. ಚಕ್ರವರ್ತಿಗಳು ಹೋದರು, ರಾಣಿಯರು ಹೋದರು. ತುದಿಯ ಕೊಂಬೆಗಳು ಎಟುಕದಿದ್ದಾಗ ಸ್ಟೂಲು ಎಳೆದುಕೊಂಡು ಹತ್ತಿದಳು. ಬೋರ್ಡಣ್ಣ ನೋಡುತ್ತಲೇ ನಿಂತ. ಇಷ್ಟು ವರ್ಷ ದೇವರ ದೊಡ್ಡತನವನ್ನು ಈ ಬೋರ್ಡಿನಲ್ಲಿ ಹುಡುಕಿದವನಿಗೆ, ಅದು ಸ್ಟೂಲಿನ ಮೇಲೆ ನಿಂತು ತುದಿಗಾಲಲ್ಲಿ ಕೈಚಾಚುತ್ತಿದೆ ಎನ್ನಿಸಿತು.

"ಚಿಕ್ಕಮ್ಮ, ನಾನು ನಿನ್ನನ್ನ ಅಳಿಸ್ಬೇಕು ಅಂತ ಹೇಳಿದ್ದಲ್ಲ..." ಮಗಳು ಹತ್ತಿರ ಬಂದು ಸ್ಟೂಲು ಹಿಡಿದುಕೊಂಡಳು.

"ಗೊತ್ತು ಕಣೇ. ಆಚೆ ಸರಿ, ನೀರು ಬಿದ್ದಿದೆ, ಜಾರೀತು." ಅವಳು ಸ್ಟೂಲಿನಿಂದ ಇಳಿದು ಕೊನೆಯ ಹೆಸರನ್ನೂ ಒರೆಸಿದಳು. "ನಾವೇನು, ಬೇರೆ ಯಾವ ಬಾಗಿಲಿಂದಾದ್ರೂ ಬಂದು ಸೇರ್ಕೋತಿದ್ವಿ."

ಬೋರ್ಡಿನ ನಡುವೆ ಒದ್ದೆ ಕಪ್ಪು ಅಂಗಳದಷ್ಟು ಖಾಲಿಯಾಗಿತ್ತು. ಅದರ ಮೇಲ್ತುದಿಯಲ್ಲಿ ಶಾರ್ಲಟ್ಟಳ ಹೆಸರೊಂದೇ. ಗಂಡ ಇನ್ನೂ ಸೀಮೆಸುಣ್ಣ ಹಿಡಿದು ಕಂಬದ ಹಾಗೆ ನಿಂತಿರುವುದನ್ನು ಕಂಡು ಅವಳು ಅವನ ಮೊಣಕೈ ತಿವಿದಳು.

"ನೋಡ್ತಾ ನಿಂತ್ರೆ ಹೇಗೆ? ಬರೀರಿ. ಮಗು ಅತ್ತಿತು ಅಂತ ಬರೀರಿ."