ಗೆದ್ದ ವ್ಯಾಪಾರಿಯ ಮೊದಲ ಪಾಠ

ಮಧ್ಯಾಹ್ನವಾದರೂ ಶಾಂತವೀರಪ್ಪನ ಪಾತ್ರೆ ಅಂಗಡಿಗೆ ಒಂದು ನರಪಿಳ್ಳೆಯೂ ಸುಳಿದಿರಲಿಲ್ಲ. ಕೊನೆಗೆ ಬಂದ ಮುದುಕಿಗೆ, "ಬೋಣಿ ಆಗ್ಲಿ, ತಗೋ ತಾಯಿ" ಎಂದು ಅವಳು ಕೇಳಿದ ಬೆಲೆಗೇ ಚೊಂಬು ಕೊಟ್ಟು, ಹಣವನ್ನು ಕಣ್ಣಿಗೊತ್ತಿಕೊಂಡ.

ಮಾರಲು ತಂದ ಪುಸ್ತಕಗಳ ಚೀಲ ಹೆಗಲಿಗೇರಿಸಿ ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದ ಟೈ ಕಟ್ಟಿದ ಯುವಕ ಮೂಗು ಮುರಿದ.

"ಬೋಣಿ ಗೀಣಿ ಎಲ್ಲ ದಡ್ಡರ ನಂಬಿಕೆ, ಯಜಮಾನ್ರೇ. ಗೆದ್ದ ವ್ಯಾಪಾರಿ ಮೊದಲು ಬಿಡೋದೇ ಅದನ್ನ. ನಾನು ಮಾರೋ ಈ ಪುಸ್ತಕದ ಮೊದಲನೇ ಪಾಠವೇ ಅದು."

ಮೀಸೆ ಸರಿಯಾಗಿ ಮೂಡದವನ ಮಾತಿಗೆ ಶಾಂತವೀರಪ್ಪನ ಮೈ ಉರಿಯಿತು.

"ಇಪ್ಪತ್ತೆಂಟು ವರ್ಷದಿಂದ ಅಂಗಡಿ ನಡೆಸ್ತಿದೀನಿ. ನಿನ್ನ ಪಾಠ ನನಗೆ ಬೇಡ, ಹೋಗಪ್ಪ."

ಮೆಟ್ಟಿಲಿಳಿದ ಯುವಕ ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದ. ದನಿ ಇಳಿದಿತ್ತು.

"ನೀವು ಕೇಳಿದ ಬೆಲೆಗೇ ಕೊಡ್ತೀನಿ, ಒಂದು ತಗೊಳ್ಳಿ ಯಜಮಾನ್ರೇ. ಬೆಳಿಗ್ಗೆಯಿಂದ ಬೋಣಿನೇ ಆಗಿಲ್ಲ."