ಅವ್ವ ಹಚ್ಚಿದ ಗೌತಿ ಹುಲ್ಲು

ಚಹಾಕ್ಕೆ ಹಾಕುವ ಗೌತಿ ಹುಲ್ಲಿನ ಘಮ ಬಂದರೆ ಈಗಲೂ ಸವದತ್ತಿಯ ನಮ್ಮ ಇಳಿಜಾರು ಅಂಗಳ ಕಣ್ಣಿಗೆ ಕಟ್ಟುತ್ತದೆ. ಪ್ರತಿ ಮಳೆಗೂ ಅದರ ಮಣ್ಣು ಓಣಿಗೆ ಹರಿದುಹೋಗುತ್ತಿತ್ತು. ತಡೆಯಲೆಂದು ಅವ್ವ ತವರಿನಿಂದ ಆ ಹುಲ್ಲು ತಂದು ಅಡ್ಡಸಾಲಾಗಿ ಹಚ್ಚಿದ್ದಳು. ಅದು ದಟ್ಟವಾಗಿ ಬೆಳೆದ ಮೇಲೆ, ಒಂದು ಮಧ್ಯಾಹ್ನ ಅಜ್ಜ ಎಲ್ಲವನ್ನೂ ಬೇರುಸಹಿತ ಕಿತ್ತುಹಾಕಿದ.

“ಬಾಗಲ ಮುಂದ ಹುಲ್ಲ ಬೆಳದ್ರ ಮಂದಿ ಹಾಳಮನಿ ಅಂತಾರ. ಕಲ್ಲ ಹಾಸಸೂಣು.”

“ಮದಿವ್ಯಾಗಿ ಬಂದಾಗಿಂದ ಆ ಕಲ್ಲಿನ ಮಾತ ಕೇಳಾಕತ್ತೇನ್ರಿ, ಮಾವಾರ. ಇದಕ್ಕ ಬರೇ ಮಳಿ ಸಾಕು.”

ಅವ್ವ ಸೆರಗು ಸಿಕ್ಕಿಸಿಕೊಂಡು ಕುಳಿತಳು. ಕಿತ್ತ ಒಂದೊಂದು ಬುಡವನ್ನೂ ಸೀಳಿ ಮೂರು ಮಾಡಿ, ಅಜ್ಜನ ಎದುರಿಗೇ ಮೊದಲಿಗಿಂತ ಒತ್ತಾಗಿ ಹಚ್ಚಿದಳು. ಆಮೇಲೆ ಅದೇ ಹುಲ್ಲು ಹಾಕಿ ಕುದಿಸಿದ ಚಹಾ ಅವನ ಮುಂದಿಟ್ಟಳು.

“ಮುಂದಿನ ವರ್ಷಾನೂ ಕಿತ್ತ ಕೊಡ್ರಿ. ಹಿತ್ತಲದಾಗೂ ಹಚ್ಚೂದೈತಿ.”