ಎಡಗೆನ್ನೆ

ದವಡೆ ಹಲ್ಲು ಇಕ್ಕಳಕ್ಕೆ ಸಿಕ್ಕಿ ಹೊರಬರುತ್ತಲೇ ಅದರ ಬೆನ್ನಿಗೆ ಕೀವು ಉಕ್ಕಿತು. ಬ್ರಿಜಿಡಳ ಕೈ ಅಲ್ಲೇ ನಿಂತಿತು. ಅದು ಎಡಗಡೆಯ ಹಲ್ಲು. ಮೂವತ್ತು ದಾಟಿದರೂ ಮಾತು ಬಾರದ, ಈಗ ಮತ್ತಿನಲ್ಲಿ ಮಲಗಿರುವ ಈ ವೆಂಡೆಲ್ ಎಂಟು ತಿಂಗಳಿಂದ ಗುದ್ದಿಕೊಳ್ಳುತ್ತಿದ್ದುದೂ ಎಡಗೆನ್ನೆಗೇ.

ಜುಲೈಯಲ್ಲಿ, ದಂತವೈದ್ಯೆಯಾಗಿ ಈ ಆಸ್ಪತ್ರೆಗೆ ತರಬೇತಿಗೆ ಸೇರಿದ ಮೊದಲ ವಾರ, ಅವನನ್ನು ನೋಡಿದವಳು ಅವಳೇ. ಅವನು ಬಾಯಿ ತೆರೆಯಲಿಲ್ಲ. ಅವಳು ಫೈಲಿನಲ್ಲಿ ‘ಸ್ವಭಾವದ ತೊಂದರೆ’ ಎಂದು ಗೀಚಿ, ಮತ್ತು ಕೊಟ್ಟು ಹಲ್ಲು ನೋಡುವ ಆಪರೇಷನ್ ಸರದಿಗೆ ಹೆಸರು ಬರೆಸಿ, ಅಲ್ಲಿಯವರೆಗೆ ಕೈ ಕಟ್ಟಿರಿ ಎಂದು ಕಳಿಸಿದ್ದಳು.

ಹೊರಗೆ ಅವನ ತಾಯಿ ಡೊರೀನ್ ಹಿಮದ ಬೂಟು ಕೂಡ ಕಳಚದೆ, ಮಗನ ಕೈ ಕಟ್ಟುವ ಬಟ್ಟೆಪಟ್ಟಿಯನ್ನು ಬೆರಳಿಗೆ ಸುತ್ತುತ್ತ ಕೂತಿದ್ದಳು. ಬ್ರಿಜಿಡ್ ಮಾಸ್ಕ್‌ನಲ್ಲೇ ಹೊರಬಂದು ಹಲ್ಲಿನ ವಿಷಯ ಹೇಳಿದಳು.

“ಅಯ್ಯೋ, ಹಲ್ಲುನೋವಾ? ನನ್ ಮಗ ಕೈಯಲ್ಲಿ ಹೇಳ್ತಿದ್ದ, ನಾನು ಆ ಕೈನೇ ಕಟ್ಟಾಕ್ದೆ!”

ಅತ್ತು ಸಾಕಾದ ಮೇಲೆ ಅವಳು ಬ್ರಿಜಿಡಳ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡಳು. “ನೀವು ದೇವರಂಥೋರು ಡಾಕ್ಟ್ರೇ. ಆವತ್ತು ಒಬ್ಳು ನೋಡಿದ್ಲು, ಕೈ ಕಟ್ಟು ಅಂದ್ಲು. ಅವಳ ಕೈ ಸೇದೋಗ!”

ಮಾಸ್ಕ್ ಇಳಿಸಲು ಮೇಲೆದ್ದಿದ್ದ ಬ್ರಿಜಿಡಳ ಎಡಗೈ ಅದನ್ನು ಮೂಗಿನ ಮೇಲಕ್ಕೆ ಎಳೆದುಕೊಂಡಿತು.